ಗೆಳೆಯನಿಗೊಂದು ಪತ್ರ: ನಿನ್ನ ಮಗನಿಗೆ ಯಾವ ದೆವ್ವದ ಕಥೆ ಕೊಡಬೇಕು?

ಪ್ರೀತಿಯ ಗೆಳೆಯಾ,

ಒಂಬತ್ತು ವರ್ಷದ ಮಗನಿಗೆ ದೆವ್ವದ ಕಾದಂಬರಿಗಳನ್ನು ಓದಲು ಕೊಡಬಹುದೇ, ಕೊಟ್ಟರೆ ರಾತ್ರಿ ನಿದ್ದೆಗೆಟ್ಟು ನಿಮ್ಮಿಬ್ಬರ ನಡುವೆ ಬಂದು ಮಲಗುವನೇ ಎಂದು ಕೇಳಿದ್ದೆಯಲ್ಲ, ಫೋನಿನಲ್ಲಿ ‘ಧಾರಾಳವಾಗಿ ಕೊಡು’ ಎಂದಷ್ಟೇ ಹೇಳಿದ್ದೆ. ಅಷ್ಟು ಚಿಕ್ಕ ಉತ್ತರ ಸಾಲದೆಂದು ಆಮೇಲೆ ಅನ್ನಿಸಿತು. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡ ತಂದೆತಾಯಂದಿರು ಇನ್ನೂ ಹಲವರಿರುವುದರಿಂದ ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ. ಹಾಸ್ಟೆಲಿನ ಮೂರನೇ ಮೆಟ್ಟಿಲಿನ ಮಹಾನುಭಾವರ ಪ್ರಸ್ತಾಪ ಮಾಡುವುದಿಲ್ಲ, ಗಾಬರಿಯಾಗಬೇಡ.

ನಾನು ಹೇಳಹೊರಟಿರುವುದು ತಲೆಬುರುಡೆ, ರಕ್ತದ ಕಲೆಗಳ ಕಥೆಗಳ ವಿಷಯವಲ್ಲ. ಇಂಗ್ಲೆಂಡಿನ ಮಕ್ಕಳ ಸಾಹಿತ್ಯದಲ್ಲಿ, ಹಳೆಯ ಮನೆಯೊಂದಕ್ಕೆ ಬಂದು ಸೇರುವ ಒಂಟಿ ಮಗುವಿಗೆ ಅದೇ ಮನೆಯಲ್ಲಿ ಶತಮಾನಗಳ ಹಿಂದೆ ಬದುಕಿದ್ದವರು ಒಡನಾಡಿಗಳಾಗುವ ಕಾದಂಬರಿಗಳ ಒಂದು ಸೊಗಸಾದ ಪರಂಪರೆಯಿದೆ. ಇವುಗಳಲ್ಲಿ ದೆವ್ವವೆಂದರೆ ಚರಿತ್ರೆಯೇ ಮಗುವಿನ ಎತ್ತರಕ್ಕೆ ಬಗ್ಗಿ ಮಾತಾಡಿಸಿದ ಹಾಗೆ. ಆಲಿಸನ್ ಅಟ್ಲಿ 1939ರಲ್ಲಿ ಬರೆದ ‘ಎ ಟ್ರಾವೆಲರ್ ಇನ್ ಟೈಮ್’ ಕಾದಂಬರಿಯ ಹುಡುಗಿ ಡರ್ಬಿಶೈರಿನ ಒಂದು ಹಳೆಯ ತೋಟದ ಮನೆಯ ಬಾಗಿಲು ತೆರೆದು ಒಂದನೆಯ ಎಲಿಜಬೆತ್ ರಾಣಿಯ ಕಾಲಕ್ಕೆ ಕಾಲಿಡುತ್ತಾಳೆ. ಅಲ್ಲಿ ಆಂಥನಿ ಬ್ಯಾಬಿಂಗ್ಟನ್ ಎಂಬ ತರುಣ ಸೆರೆಯಲ್ಲಿರುವ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಬಿಡಿಸಲು ಒಳಸಂಚು ಹೂಡುತ್ತಿದ್ದಾನೆ. 1586ರಲ್ಲಿ ಅವನಿಗೂ 1587ರಲ್ಲಿ ಮೇರಿಗೂ ಮರಣದಂಡನೆಯಾಗುವುದು ಹುಡುಗಿಗೆ ಗೊತ್ತು. ಅವರ ಜೊತೆ ಕುಳಿತು ಉಣ್ಣುತ್ತಾಳೆ, ನಗುತ್ತಾಳೆ, ಆದರೆ ಏನನ್ನೂ ತಪ್ಪಿಸಲಾರಳು. ಇಸವಿಗಳನ್ನು ಬಾಯಿಪಾಠ ಮಾಡಿ ಬೆಳೆದ ನಮಗೆ, ಆ ಇಸವಿಯ ಹಿಂದಿನ ದಿನ ಮನುಷ್ಯರು ಹೇಗಿದ್ದರೆಂಬುದನ್ನು ಯಾರಾದರೂ ಹೀಗೆ ಹೇಳಿದ್ದರೇ?

ಫಿಲಿಪಾ ಪಿಯರ್ಸ್ ಅವರ ‘ಟಾಮ್ಸ್ ಮಿಡ್‌ನೈಟ್ ಗಾರ್ಡನ್’ 1958ರದು. ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ಕಾರ್ನೆಗಿ ಪದಕ ಅದಕ್ಕೆ ಬಂತು. ತಮ್ಮನಿಗೆ ದಡಾರ ಬಂದದ್ದರಿಂದ ಚಿಕ್ಕಮ್ಮನ ಮನೆಗೆ ಕಳಿಸಲ್ಪಟ್ಟ ಟಾಮ್, ರಾತ್ರಿ ಕೆಳಗಿನ ದೊಡ್ಡ ಗಡಿಯಾರ ಹದಿಮೂರು ಬಾರಿಸುವುದನ್ನು ಕೇಳಿ ಎದ್ದು ಹಿತ್ತಿಲ ಬಾಗಿಲು ತೆರೆಯುತ್ತಾನೆ. ಹಗಲು ಕಸದ ತೊಟ್ಟಿಗಳಿದ್ದ ಕಡೆ ವಿಕ್ಟೋರಿಯಾ ಕಾಲದ ವಿಶಾಲವಾದ ತೋಟವಿದೆ, ಅಲ್ಲಿ ಹ್ಯಾಟಿ ಎಂಬ ತಬ್ಬಲಿ ಹುಡುಗಿಯಿದ್ದಾಳೆ. ಲೇಖಕಿ ತಾವು ಬೆಳೆದ ಕೇಂಬ್ರಿಜ್ ಹತ್ತಿರದ ಮಿಲ್ ಹೌಸಿನ ತೋಟವನ್ನೇ ಇಲ್ಲಿಗೆ ತಂದಿದ್ದಾರೆ. ಒಂದು ಕಡೆ ಈ ಮಕ್ಕಳಿಬ್ಬರೂ ದೆವ್ವ ಯಾರು ಎಂದು ಜಗಳವಾಡುತ್ತಾರೆ. ನೀನೇ ಸತ್ತವಳು ಎಂದು ಟಾಮ್ ಹೇಳುತ್ತಾನೆ. ನನ್ನ ತೋಟದಲ್ಲಿ ಯಾರ ಕಣ್ಣಿಗೂ ಬೀಳದೆ ಓಡಾಡುತ್ತ, ಮುಚ್ಚಿದ ಬಾಗಿಲಿನೊಳಗಿಂದ ತೂರಿಬರುವವನು ನೀನಲ್ಲವೇ ಎಂದು ಅವಳು ತಿರುಗಿ ಕೇಳುತ್ತಾಳೆ. ಈ ಭಾಗವನ್ನು ಮಗಳಿಗೆ ಓದಿ ಹೇಳುವಾಗ ಅವಳು ನನ್ನನ್ನು ತಡೆದು, ಇಬ್ಬರದೂ ಸರಿಯಲ್ಲವೇ ಎಂದಳು. ನಿನ್ನ ಮಗ ಪುಸ್ತಕ ಓದಲಿ, ಕೊನೆ ಮಾತ್ರ ನಿನಗೆ ಹೇಳಿಬಿಡುತ್ತೇನೆ: ಆ ತೋಟವೆಲ್ಲ ಮನೆಯ ಮೇಲಂತಸ್ತಿನಲ್ಲಿ ಒಬ್ಬಳೇ ಇರುವ ಮುದುಕಿ, ಮನೆಯ ಒಡತಿ, ತನ್ನ ಬಾಲ್ಯವನ್ನು ಕಾಣುತ್ತಿದ್ದ ಕನಸು. ಹುಡುಗ ಅವಳ ಕನಸಿನೊಳಕ್ಕೆ ಹೋಗಿದ್ದ. ಊರಿಗೆ ಹೊರಡುವಾಗ ಅವನು ಅವಳನ್ನು ಪುಟ್ಟ ಹುಡುಗಿಯೆಂಬಂತೆ ತಬ್ಬಿಕೊಳ್ಳುತ್ತಾನೆ.

ಇವೆಲ್ಲವುಗಳಿಗಿಂತ ನನ್ನನ್ನು ಹಿಡಿದು ಕೂರಿಸಿದ್ದು ಲೂಸಿ ಬಾಸ್ಟನ್ ಅವರ ‘ದಿ ಚಿಲ್ಡ್ರನ್ ಆಫ್ ಗ್ರೀನ್ ನೋ’. ಅರುವತ್ತು ದಾಟಿದ ಮೇಲೆ, 1954ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಥೆಯ ಮನೆ ಅವರು ನಿಜವಾಗಿ ವಾಸವಿದ್ದ ಮನೆ: ಹೆಮಿಂಗ್‌ಫರ್ಡ್ ಗ್ರೇ ಎಂಬ ಹಳ್ಳಿಯ ನದೀತೀರದಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಕಟ್ಟಿದ್ದು, ಅಂದಿನಿಂದ ಇಂದಿನವರೆಗೂ ಜನ ಬದುಕುತ್ತಲೇ ಬಂದಿರುವುದು. ಪುಸ್ತಕಕ್ಕೆ ಚಿತ್ರ ಬರೆದವರು ಅವರ ಮಗ. ತಾಯಿಯಿಲ್ಲದ ಟಾಲಿ ಎಂಬ ಹುಡುಗ ಕ್ರಿಸ್ಮಸ್ ರಜೆಗೆಂದು ಪ್ರವಾಹದ ನೀರು ದಾಟಿ ತನ್ನ ಮುತ್ತಜ್ಜಿಯ ಮನೆಗೆ ಬರುತ್ತಾನೆ. ಗೋಡೆಯ ಮೇಲೆ ಮೂವರು ಮಕ್ಕಳ ಹಳೆಯ ಚಿತ್ರವಿದೆ: ಟೋಬಿ, ಅಲೆಗ್ಸಾಂಡರ್, ಲಿನೆಟ್. ಕೆಲವೇ ದಿನಗಳಲ್ಲಿ ಅವನಿಗೆ ಅವರ ಹೆಜ್ಜೆ ಸಪ್ಪಳವೂ ನಗುವೂ ಕೇಳಿಸತೊಡಗುತ್ತವೆ. ಟೋಬಿಯ ಕುದುರೆಯಿದ್ದ ಖಾಲಿ ಲಾಯದಲ್ಲಿ ಟಾಲಿ ಸಕ್ಕರೆಯ ತುಂಡು ಇಟ್ಟು ಬರುತ್ತಾನೆ. ಆಮೇಲೆ ಹೋಗಿ ನೋಡಿದರೆ ಸಕ್ಕರೆಯಿಲ್ಲ.

ಒಂದು ಸಂಜೆ ಮುತ್ತಜ್ಜಿ, ಆ ಮಕ್ಕಳು 1665ರ ಮಹಾ ಪ್ಲೇಗಿನಲ್ಲಿ ತಾಯಿಯೊಂದಿಗೆ ಒಂದೇ ದಿನ ತೀರಿಕೊಂಡರೆಂದೂ ಅವರ ಅಜ್ಜಿಯೊಬ್ಬಳೇ ಉಳಿದಳೆಂದೂ ಹೇಳುತ್ತಾಳೆ. ಅಷ್ಟು ಹಳೆಯ ಕಾಲದ ಮಕ್ಕಳು ಬದುಕಿರಲಾರರೆಂಬುದು ಟಾಲಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ; ಲೋಕವೇ ಮುಗಿದಂತೆ ಅವನು ಕುಳಿತುಬಿಡುತ್ತಾನೆ. ಮುತ್ತಜ್ಜಿ ಮಾತ್ರ ಅವರ ವಿಷಯವನ್ನು ಪಕ್ಕದ ಕೋಣೆಯಲ್ಲಿ ಆಡುತ್ತಿರುವವರ ಸುದ್ದಿಯೆಂಬಂತೆ ದಿನವೂ ಹೇಳುತ್ತಾಳೆ. ಪ್ಲೇಗ್ ಇಲ್ಲಿಗೂ ಬಂದಿತ್ತೇ ಎಂದು ಮಗಳು ಕೇಳಿದಾಗ ಬೆಂಗಳೂರಿನ 1898ರ ಕಥೆಯನ್ನೂ, ಇಂದಿಗೂ ಪೂಜೆ ನಡೆಯುವ ಪ್ಲೇಗ್ ಮಾರಮ್ಮನ ಗುಡಿಗಳ ಕಥೆಯನ್ನೂ ಹೇಳಿದೆ. ಆ ವರ್ಷದ ಮಗುವೊಂದು ಹೀಗೆಯೇ ನಮ್ಮ ಮಕ್ಕಳ ಒಡನಾಡಿಯಾಗಿ ಕನ್ನಡದ ಕಾದಂಬರಿಯೊಳಗೆ ಬರಬೇಕೆಂದು ನನಗೆ ಬಹಳ ಆಸೆಯಿದೆ.

ಟಾಲಿಯ ಪೂರ್ತಿ ಹೆಸರು ಟೋಸ್‌ಲ್ಯಾಂಡ್. ಪ್ಲೇಗಿನಲ್ಲಿ ಹೋದ ಟೋಬಿಯ ಪೂರ್ತಿ ಹೆಸರೂ ಟೋಸ್‌ಲ್ಯಾಂಡ್. ಆ ಮನೆತನದಲ್ಲಿ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಆ ಪುಟದಲ್ಲಿ ನನ್ನ ದನಿ ನಿಂತುಹೋಯಿತು, ಮಗಳಿಗೆ ನೀರು ಕುಡಿದು ಬರುತ್ತೇನೆಂದು ಎದ್ದು ಹೋದೆ.

ಇಷ್ಟು ವರ್ಷದ ಗೆಳೆತನದಲ್ಲಿ ನಿನಗೆ ಹೇಳದ ಸಂಗತಿಯಿದು. ನಾನು ಹುಟ್ಟುವ ಮೊದಲು ನಮ್ಮ ಮನೆಯಲ್ಲಿ ಒಬ್ಬ ಮಗನಿದ್ದ. ತಾತನ ಹೆಸರನ್ನು ಅವನಿಗಿಟ್ಟಿದ್ದರು. ಎಂಟನೆಯ ವಯಸ್ಸಿನಲ್ಲಿ ಯಾವುದೋ ಜ್ವರ ಬಂದು ಹೋಗಿಬಿಟ್ಟ. ತಾತನ ಹೆಸರು ಮನೆಯಲ್ಲಿ ಉಳಿಯಬೇಕೆಂದು ಆಮೇಲೆ ಹುಟ್ಟಿದ ನನಗೂ ಅದನ್ನೇ ಇಟ್ಟರು. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವಾಗ ಅಮ್ಮ ಸಾಲಿನ ಕೊನೆಯಲ್ಲಿ ಒಂದು ತುಂಡು ಬಾಳೆಲೆ ಹಾಸಿ, ಅದರ ಮೇಲೆ ಒಂದೇ ಒಂದು ಕಜ್ಜಾಯವನ್ನೂ ಪಕ್ಕದಲ್ಲಿ ಬಣ್ಣ ಹೋದ ಬುಗುರಿಯನ್ನೂ ಇಡುತ್ತಿದ್ದಳು. ಯಾರ ಎಲೆಯೆಂದು ಕೇಳಿದರೆ ‘ಇರಲಿ ಬಿಡು, ನೀನು ಕೈ ಮುಗಿ’ ಎನ್ನುತ್ತಿದ್ದಳು. ವಿಷಯ ತಿಳಿದದ್ದು ಸೋದರತ್ತೆಯ ಬಾಯಿಂದ. ಒಂಬತ್ತು ತುಂಬಿ ನಾನು ನನ್ನ ಅಣ್ಣನಿಗಿಂತ ದೊಡ್ಡವನಾದ ವರ್ಷ, ಅವನು ತನ್ನ ಹೆಸರನ್ನು ವಾಪಸು ಕೇಳಲು ಬರುತ್ತಾನೆಂದು ಹೆದರಿ ನಡುಮನೆಯಲ್ಲಿ ಒಬ್ಬನೇ ಮಲಗುತ್ತಿರಲಿಲ್ಲ. ಗ್ರೀನ್ ನೋ ಮನೆಯ ಮುತ್ತಜ್ಜಿಯಂತೆ ಯಾರಾದರೂ ಅವನ ಬುಗುರಿಯಾಟದ ಕಥೆಯನ್ನೋ ತುಂಟತನವನ್ನೋ ಹೇಳಿದ್ದರೆ ನನಗೆ ಒಬ್ಬ ಅಣ್ಣ ಸಿಗುತ್ತಿದ್ದನೆಂದು ಈಗ ಅನ್ನಿಸುತ್ತದೆ. ಹೇಳುವ ಶಕ್ತಿ ಅಮ್ಮನಿಗಿರಲಿಲ್ಲ. ಅದಕ್ಕಾಗಿ ಅವಳ ಮೇಲೆ ನನಗೆ ಬೇಸರವೂ ಇಲ್ಲ.

ಅವಳಿಗೀಗ ಬಹಳ ವಯಸ್ಸಾಗಿದೆ. ಮಧ್ಯಾಹ್ನದ ನಿದ್ದೆಯಲ್ಲಿ ಆ ಹೆಸರು ಹಿಡಿದು ಊಟಕ್ಕೆ ಕರೆಯುತ್ತಾಳೆ. ಯಾರನ್ನು ಕರೆಯುತ್ತಿದ್ದಾಳೆಂದು ತಿಳಿಯದೆ, ಓಗೊಡಬೇಕೋ ಬೇಡವೋ ಎಂದು ಬಾಗಿಲಲ್ಲಿ ನಿಂತಿರುತ್ತೇನೆ. ಪಿಯರ್ಸ್ ಅವರ ಕಾದಂಬರಿಯ ಮುದುಕಿಯ ಕನಸಿನಲ್ಲಿ ಟಾಮ್‌ಗೆ ಜಾಗವಿತ್ತು. ಅಮ್ಮನ ಕನಸಿನಲ್ಲಿ ನನಗೂ ಜಾಗವಿದೆಯೇ ಎಂದು ಅವಳನ್ನು ಕೇಳಲು ನನಗೆ ಧೈರ್ಯವಿಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ಬರೆದದ್ದು ಹೀಗೇ ಇರಲಿ. ಸಿಕ್ಕಾಗ ಈ ಮಾತನ್ನು ಎತ್ತಬೇಡ; ಬೇಕಾದರೆ ಮಡಿಕೇರಿಯ ಉಪ್ಪಿಟ್ಟಿನ ವಿಷಯ ಎತ್ತು, ರಾತ್ರಿಯೆಲ್ಲ ವಾದಿಸಲು ಸಿದ್ಧನಿದ್ದೇನೆ.

ನಿನ್ನ ಮಗನಿಗೆ ಮೊದಲು ಕೊಡಬೇಕಾದದ್ದು ಮಾತ್ರ ಬೇರೆಯೇ: ಪೆನೆಲೊಪಿ ಲೈವ್ಲಿ ಅವರ ‘ದಿ ಘೋಸ್ಟ್ ಆಫ್ ಥಾಮಸ್ ಕೆಂಪ್’. ಇದು 1973ರದು, ಇದಕ್ಕೂ ಕಾರ್ನೆಗಿ ಪದಕ ಸಂದಿದೆ. ಹದಿನೇಳನೆಯ ಶತಮಾನದ ಮಾಟಗಾರನ ದೆವ್ವವೊಂದು ಜೇಮ್ಸ್ ಎಂಬ ಹುಡುಗನನ್ನು ತನ್ನ ಶಿಷ್ಯನಾಗೆಂದು ಪೀಡಿಸುತ್ತ, ಹಳೆಯ ಕಾಗುಣಿತದಲ್ಲಿ ಕಂಡಕಂಡಲ್ಲಿ ಅಪ್ಪಣೆಗಳನ್ನು ಬರೆದಿಡುತ್ತದೆ. ಬೈಗುಳ ತಿನ್ನುವವನು ಜೇಮ್ಸ್. ತಾನು ಮಾಡದ ತಪ್ಪಿಗೆ ಬೈಸಿಕೊಂಡ ಯಾವ ಹುಡುಗನೂ ಈ ಪುಸ್ತಕವನ್ನು ಅರ್ಧಕ್ಕೆ ಬಿಡಲಾರ. ಇದನ್ನು ಮುಗಿಸಿದ ಮೇಲೆ ಟಾಮ್‌ನದು, ಹತ್ತು ತುಂಬಿದ ಮೇಲೆ ಗ್ರೀನ್ ನೋ. ಮೂರನ್ನೂ ಈ ವಾರ ಕೊರಿಯರ್ ಮಾಡುತ್ತೇನೆ. ಹಾಳೆಯ ಮೂಲೆ ಮಡಚಬಾರದೆಂದು ಅವನಿಗೆ ಹೇಳು, ಅವನಪ್ಪನಿಗೂ ಹೇಳು. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಗ್ರೀನ್ ನೋ ಮಾತ್ರ ಅವರೇ ಗಟ್ಟಿಯಾಗಿ ಓದಿ ಹೇಳಿದರೆ ಚೆನ್ನ, ನಿನ್ನ ದನಿಗೆ ಹುಡುಗ ಎರಡನೇ ಪುಟಕ್ಕೇ ನಿದ್ದೆ ಹೋದಾನು.

ನಿನ್ನ ಗೆಳೆಯ