ಪುಟ್ಟಿಯ ಸೂಜಿ, ನಿನ್ನ ನಿದ್ದೆ

ಲೀಡ್ಸ್, ನವೆಂಬರ್

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರ.

ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ಭಾವ ಕೊಬ್ಬರಿ ಮಾರಿದರಾ ಇಲ್ಲ ರೇಟು ಏರಲಿ ಅಂತ ಅಟ್ಟದಲ್ಲೇ ಇಟ್ಟಿದ್ದಾರಾ, ಇದನ್ನೆಲ್ಲ ಫೋನಿನಲ್ಲಿ ಕೇಳುತ್ತೇನೆ. ಫೋನಿನಲ್ಲಿ ಹೇಳಲಾಗದ್ದನ್ನು ಬರೆಯೋಣ ಅಂತ ಕೂತಿದ್ದೇನೆ. ಫೋನ್ ಮಾಡಿದಾಗಲೆಲ್ಲ ಪಕ್ಕದಲ್ಲಿ ಪುಟ್ಟಿ ಇರುತ್ತಾಳೆ. ನೀನು ಪಿಸುಗುಟ್ಟುತ್ತೀಯ. ನನಗೆ ಅರ್ಧವೂ ಕೇಳಿಸುವುದಿಲ್ಲ. ಅವಳಿಗೆ ಮಾತ್ರ ಪೂರ್ತಿ ಕೇಳಿಸುತ್ತದೆ, ಅದು ನೆನಪಿರಲಿ.

ಪುಟ್ಟಿಯ ಟೈಪ್ 1 ಸಕ್ಕರೆ ಕಾಯಿಲೆಗೆ (ಡಯಾಬಿಟಿಸ್) ಕೊಡುವ ಇನ್ಸುಲಿನ್ ವಿಷಯದಲ್ಲಿ ನಿಮ್ಮ ಡಾಕ್ಟರು ಸರಿಯಾಗೇ ಹೇಳಿದ್ದಾರೆ. ಊಟಕ್ಕೆ ಮುಂಚೆ ಎಷ್ಟು, ರಾತ್ರಿ ಎಷ್ಟು ಅನ್ನುವುದರಲ್ಲಿ ನಾನು ಕೈ ಹಾಕುವುದಿಲ್ಲ. ಇಲ್ಲಿ ರಕ್ತದ ಸಕ್ಕರೆ ನೋಡುವ ಮೀಟರಿನ ಲೆಕ್ಕವೇ ಬೇರೆ. ನಿಮ್ಮ 180 ಅಂದರೆ ನಮ್ಮ 10. ನೀನು ನಂಬರ್ ಹೇಳಿದಾಗಲೆಲ್ಲ ನಾನು ಮನಸ್ಸಿನಲ್ಲೇ 18ರಿಂದ ಭಾಗಿಸುತ್ತಾ ಇರುತ್ತೇನೆ. ಆದರೆ ಹೋದ ವಾರ ಮಾತು ಮುಗಿಸುವಾಗ ಒಂದು ಹೇಳಿದೆಯಲ್ಲ, "ಸಕ್ಕರೆ ಹತೋಟಿಗೆ ಬಂತು ಕಣೆ, ಹುಡುಗಿ ಮಾತ್ರ ಕೈಗೆ ಸಿಗ್ತಿಲ್ಲ" ಅಂತ. ಸೂಜಿ ಕಂಡರೆ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಾಳೆ. ನೀನೂ ಭಾವನೂ ಹಿಡಿದು ಮಲಗಿಸಿ ಚುಚ್ಚುತ್ತೀರಿ. ಆಮೇಲೆ ನೀನು ಅಡುಗೆಮನೆಗೆ ಹೋಗಿ ಅಳುತ್ತೀಯ. ಅಕ್ಕ, ಇದಕ್ಕೂ ಚಿಕಿತ್ಸೆ ಇದೆ. ಇದನ್ನು ಕಾಯಿಲೆಯಿಂದ ಬೇರೆ ಮಾಡಿ ನೋಡಬೇಡ.

ಇಂಗ್ಲೆಂಡಿನಲ್ಲಿ ಟೈಪ್ 1 ಬಂದ ಮಗುವನ್ನು ನೋಡಿಕೊಳ್ಳಲು ಒಂದು ತಂಡವೇ ಇರುತ್ತದೆ. ಡಾಕ್ಟರು, ಡಯಾಬಿಟಿಸ್ ನರ್ಸು, ಊಟದ ಲೆಕ್ಕ ಹೇಳಿಕೊಡುವ ಡಯಟೀಷಿಯನ್, ಇವರ ಜೊತೆಗೇ ಸೈಕಾಲಜಿಸ್ಟ್. ವರ್ಷಕ್ಕೊಂದು ಸಲವಾದರೂ ಮಗುವಿನ ಮನಸ್ಸು ಹೇಗಿದೆ, ಸೈಕಾಲಜಿಸ್ಟ್ ಸಹಾಯ ಬೇಕಾ ಅಂತ ತಂಡ ನೋಡಲೇಬೇಕು. ಇವರೆಲ್ಲ ದೇವರಂಥ ಮನುಷ್ಯರು ಅಂತಲ್ಲ. ಹಾಗೆ ನೋಡಿದರೇನೇ ಆ ಮಗುವಿನ ಲೆಕ್ಕದಲ್ಲಿ ಆಸ್ಪತ್ರೆಗೆ ಪೂರ್ತಿ ದುಡ್ಡು ಬರುವುದು, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಹಾಗೆ ಷರತ್ತು ಹಾಕಿದೆ. ದುಡ್ಡಿಗೆ ಗಂಟು ಹಾಕಿದರೆ ಕೆಲಸ ಆಗುತ್ತದೆ, ಎಲ್ಲ ಊರಲ್ಲೂ ಅಷ್ಟೇ. ಹಾಗಂತ ಇಲ್ಲಿ ಎಲ್ಲ ಸರಿಯಾಗಿದೆ ಅಂದುಕೊಳ್ಳಬೇಡ. ಖಿನ್ನತೆ, ಆತಂಕ ಅಂತ ಬರುವ ಬೇರೆ ಮಕ್ಕಳು ಸರದಿಯಲ್ಲಿ ತಿಂಗಳುಗಟ್ಟಲೆ ಕಾಯುತ್ತಾರೆ.

ಒಂದು ಮಗುವಿನ ಕಥೆ ಹೇಳುತ್ತೇನೆ, ಹೆಸರು ಬರೆಯುವ ಹಾಗಿಲ್ಲ. ಆರು ವರ್ಷದ ಹುಡುಗ. ರಕ್ತ ನೋಡಲು ಬೆರಳು ಕೊಡುವುದಿಲ್ಲ. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದ. ನಮ್ಮ ವಾರ್ಡಿನಲ್ಲಿ ಪ್ಲೇ ಸ್ಪೆಷಲಿಸ್ಟ್ ಅಂತ ಒಬ್ಬರಿದ್ದಾರೆ. ಆಟ ಆಡಿಸುತ್ತಲೇ ಮಗುವನ್ನು ಚಿಕಿತ್ಸೆಗೆ ತಯಾರು ಮಾಡುವುದು ಅವರ ಕೆಲಸ. ಅದಕ್ಕೇ ಓದಿಕೊಂಡು ಬಂದಿರುತ್ತಾರೆ, ಸಂಬಳವೂ ಇದೆ. (ಅಮ್ಮನಿಗೆ ಹೇಳು, ನಗುತ್ತಾಳೆ.) ಆಕೆ ಬಂದವಳು ಹುಡುಗನನ್ನು ಮಾತನಾಡಿಸಲೇ ಇಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು ರೂಫಸ್ ಜೊತೆ ಮಾತಿಗಿಳಿದಳು. ರೂಫಸ್ ಅನ್ನುವುದು ಹೊಸದಾಗಿ ಟೈಪ್ 1 ಬಂದ ಮಕ್ಕಳಿಗೆ ಇಲ್ಲಿ ಒಂದು ಸಂಸ್ಥೆಯವರು ಕೊಡುವ ಟೆಡ್ಡಿ ಕರಡಿ. ಅದಕ್ಕೂ ಡಯಾಬಿಟಿಸ್. ತೋಳು, ಹೊಟ್ಟೆ, ತೊಡೆ, ಇನ್ಸುಲಿನ್ ಎಲ್ಲೆಲ್ಲಿ ಹಾಕಬಹುದೋ ಅಲ್ಲೆಲ್ಲ ತೇಪೆ ಹೊಲಿದಿರುತ್ತಾರೆ.

"ರೂಫಸ್, ಇವತ್ತು ಯಾವ ಬೆರಳು ಕೊಡ್ತೀಯಾ?" ಅಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗೋಡೆ ಕಡೆಯಿಂದ ಸಿಟ್ಟಿನ ದನಿ ಬಂತು, "ಅದಕ್ಕೆ ಬೆರಳೇ ಇಲ್ಲ." "ಅಯ್ಯೋ ಹೌದಲ್ವಾ, ಈಗೇನು ಮಾಡೋದು?" ಅಂದಳು ಆಕೆ. ಹುಡುಗ ಈ ಕಡೆ ತಿರುಗಿದ. ಮೊದಲು ಕರಡಿಯ ಕೈ. ಆಮೇಲೆ ಹೊಸ ಸೂಜಿ ಹಾಕಿ ಅವರಪ್ಪನ ಬೆರಳು. ಅಪ್ಪ "ಸ್ಸ್" ಅಂದ. "ನೋವಾಯ್ತಾ?" ಅಂತ ಹುಡುಗ ಕೇಳಿದ. "ಹೂಂ, ಆಯ್ತು. ಈಗ ಹೋಯ್ತು" ಅಂದ ಅಪ್ಪ. ಅಷ್ಟು ಹೊತ್ತಿನ ಮೇಲೆ ಹುಡುಗ ತನ್ನ ಕಿರುಬೆರಳು ತೋರಿಸಿದ, ಆದರೆ ಕೊಡುವಾಗ ಅದರ ಪಕ್ಕದ್ದನ್ನು ಮುಂದೆ ಮಾಡಿದ. ಯಾಕೆ ಅಂತ ಯಾರೂ ಕೇಳಲಿಲ್ಲ.

ನೀನು ಕರಡಿಗೆ ಹುಡುಕಬೇಕಾಗಿಲ್ಲ. ಮನೆಯಲ್ಲಿರುವ ಗೊಂಬೆ ಸಾಕು. ಸೂಜಿ ತೆಗೆದ ಖಾಲಿ ಇನ್ಸುಲಿನ್ ಪೆನ್ನನ್ನು ಪುಟ್ಟಿಯ ಕೈಗೆ ಕೊಡು. ದಿನಾ ಬೆಳಿಗ್ಗೆ ಗೊಂಬೆಗೆ ಅವಳೇ ಡಾಕ್ಟರಾಗಲಿ. ಗೊಂಬೆಗೆ ಅವಳು ಏನು ಹೇಳುತ್ತಾಳೋ ಕಿವಿಗೊಟ್ಟು ಕೇಳು. ನಿನ್ನ ಹತ್ತಿರ ಬಾಯಿಬಿಡದ್ದನ್ನೆಲ್ಲ ಅಲ್ಲಿ ಹೇಳುತ್ತಾಳೆ. "ನೋವೇ ಆಗಲ್ಲ" ಅಂತ ಮಾತ್ರ ಅನ್ನಬೇಡ. ಒಂದು ಸಲ ಅಂದು ನೋವಾದರೆ ಆಮೇಲೆ ನಿನ್ನ ಯಾವ ಮಾತನ್ನೂ ನಂಬುವುದಿಲ್ಲ. ಇನ್ಸುಲಿನ್ ಬೇಕಾ ಬೇಡವಾ ಅಂತ ಅವಳನ್ನು ಕೇಳುವ ಹಾಗಿಲ್ಲ, ಬೇಕೇ ಬೇಕು. ಆದರೆ ಎಡತೊಡೆಯಾ ಬಲತೊಡೆಯಾ, ಅಮ್ಮ ಹಾಕಬೇಕಾ ಅಪ್ಪ ಹಾಕಬೇಕಾ, ಹತ್ತು ಎಣಿಸೋದಾ ಹಾಡು ಹೇಳೋದಾ, ಇದೆಲ್ಲ ಅವಳೇ ಹೇಳಲಿ. ಮಲಗಿಸಿ ಅಮುಕಬೇಡಿ. ನೀನು ಕೂತು ಮಡಿಲಲ್ಲಿ ಕೂರಿಸಿಕೊ, ಬೆನ್ನು ನಿನ್ನ ಎದೆಗೆ ಒರಗಿರಲಿ, ಕೈ ಸುತ್ತಿ ಹಿಡಿ. ಅಲುಗಾಡದ ಹಾಗೆ ಹಿಡಿದದ್ದೂ ಆಯಿತು, ಅವಳಿಗೆ ಅಮ್ಮ ಅಪ್ಪಿಕೊಂಡ ಹಾಗೂ ಆಯಿತು. ಎದುರುಮನೆಯವರು ತಮ್ಮ ಮಗನಿಗೆ "ಹಠ ಮಾಡಿದ್ರೆ ಡಾಕ್ಟರ ಹತ್ರ ಸೂಜಿ ಚುಚ್ಚಿಸ್ತೀನಿ" ಅಂತ ಗದರಿಸುತ್ತಾರಲ್ಲ, ಪುಟ್ಟಿ ಇರುವಾಗಲಾದರೂ ಅದನ್ನು ನಿಲ್ಲಿಸಲು ಹೇಳು. ಪಾಪ, ಯಾವ ಹಠವೂ ಮಾಡದೆ ಇವಳಿಗೆ ದಿನಕ್ಕೆ ನಾಲ್ಕು ಸೂಜಿ.

ಅಮ್ಮನ ವಿಷಯಕ್ಕೆ ಬರುತ್ತೇನೆ. "ಚಾಕಲೇಟು ತಿಂದೂ ತಿಂದೂ ಹೀಗಾಯ್ತು" ಅಂತ ಅಮ್ಮ ಪುಟ್ಟಿಯ ಎದುರೇ ಹೇಳಿದ್ದು ನನಗೂ ಕೇಳಿಸಿತು. ಅಮ್ಮನ ಸಕ್ಕರೆ ಕಾಯಿಲೆ ಬೇರೆ, ಇದು ಬೇರೆ. ನಮ್ಮ ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳುಮಾಡಿದೆ. ಚಾಕಲೇಟಿನಿಂದ ಅಲ್ಲ, ನೀನು ಬಸುರಿಯಲ್ಲಿ ತಿಂದದ್ದರಿಂದ ಅಲ್ಲ, ಯಾರ ದೃಷ್ಟಿಯಿಂದಲೂ ಅಲ್ಲ. ಚಿಕ್ಕ ಮಕ್ಕಳು ತಾವು ಏನೋ ತಪ್ಪು ಮಾಡಿದ್ದಕ್ಕೆ ಕಾಯಿಲೆ ಬಂತು ಅಂತ ತಾವಾಗಿಯೇ ಅಂದುಕೊಳ್ಳುತ್ತಾರೆ. ನಾವು ಅದಕ್ಕೆ ಸಾಕ್ಷಿ ಹೇಳಬಾರದು, ಅಲ್ವಾ? ಅವಳನ್ನು ಕೂರಿಸಿಕೊಂಡು ನಿನ್ನದೇ ಮಾತಿನಲ್ಲಿ, "ಇದು ನೀನು ಏನೋ ಮಾಡಿದ್ದಕ್ಕೆ ಬಂದಿದ್ದಲ್ಲ ಪುಟ್ಟಿ" ಅಂತ ಹೇಳು. ಒಂದು ಸಲ ಸಾಲದು. ಮತ್ತೆ ಮತ್ತೆ ಹೇಳು. "ಬದುಕಿರೋ ತನಕ ಸೂಜಿನಾ" ಅಂತ ಅಮ್ಮ ಅತ್ತರೆ ಇದನ್ನೂ ಹೇಳು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಲೇ ಇರಲಿಲ್ಲ.

ಒಂದು ವಿಷಯದಲ್ಲಿ ನಮ್ಮ ಊರೇ ವಾಸಿ. ಈ ದೇಶದಲ್ಲಿ ಹಿಂದೆ ಮಗುವನ್ನು ಆಸ್ಪತ್ರೆಗೆ ಸೇರಿಸಿದರೆ ತಾಯಿಯನ್ನು ಹೊರಗೆ ಕಳಿಸುತ್ತಿದ್ದರು. ಎಷ್ಟೋ ಕಡೆ ವಾರಕ್ಕೆ ಒಂದೆರಡು ಗಂಟೆ ಮಾತ್ರ ನೋಡಲು ಬಿಡುತ್ತಿದ್ದರು. ತಾಯಿ ಬಂದು ಹೋದರೆ ಮಗು ಅಳುತ್ತದೆ, ಬರದಿದ್ದರೆ ಸುಮ್ಮನಿರುತ್ತದೆ ಅನ್ನುವುದು ಅವರ ಲೆಕ್ಕ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಅನ್ನುವವರು ಕ್ಯಾಮೆರಾ ಹಿಡಿದು ಎರಡು ವರ್ಷದ ಒಂದು ಹೆಣ್ಣುಮಗು ಎಂಟು ದಿನ ಆಸ್ಪತ್ರೆಯಲ್ಲಿ ಹೇಗಿತ್ತು ಅನ್ನುವುದನ್ನು ಸಿನಿಮಾ ಮಾಡಿ ತೋರಿಸಿದರು. ಮಗು ಸುಮ್ಮನಿತ್ತು, ಹೌದು. ಆದರೆ ಅದು ಸಮಾಧಾನ ಅಲ್ಲ, ಅಮ್ಮ ಬರುತ್ತಾಳೆ ಅನ್ನುವ ಆಸೆಯನ್ನೇ ಕೈಬಿಡುತ್ತಿತ್ತು. ಡಾಕ್ಟರುಗಳಿಗೆ ಸಿಟ್ಟು ಬಂತಂತೆ. 1959ರಲ್ಲಿ ಸರ್ಕಾರ ನೇಮಿಸಿದ ಸಮಿತಿಯ ಪ್ಲಾಟ್ ವರದಿ ಬಂದು, ತಂದೆತಾಯಿಗಳನ್ನು ಯಾವಾಗ ಬೇಕಾದರೂ ಒಳಗೆ ಬಿಡಬೇಕು ಅಂತ ಹೇಳಿದ ಮೇಲೆ ನಿಧಾನವಾಗಿ ಬದಲಾಯಿತು. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಯ ಮಂಚದ ಕೆಳಗೆ ಅಜ್ಜಿ ಚಾಪೆ ಹಾಸಿಕೊಂಡಿರುತ್ತಾಳೆ, ಚಿಕ್ಕಪ್ಪ ಫ್ಲಾಸ್ಕಿನಲ್ಲಿ ಕಾಫಿ ತರುತ್ತಾನೆ. ಅದನ್ನು ಕಂಡು ಸಿಸ್ಟರುಗಳು ಬೈಯುತ್ತಾರೆ. ನಾನೂ ಅಲ್ಲಿ ಟ್ರೈನಿಂಗಿನಲ್ಲಿದ್ದಾಗ ಬೈದವಳೇ. ನಮ್ಮವರು ಮಗುವನ್ನು ಒಂಟಿ ಬಿಡುವುದಿಲ್ಲ. ಆದರೆ ಮಗುವಿಗೆ ನಿಜ ಹೇಳುವುದಿಲ್ಲ. ಹತ್ತು ಜನ ಸುತ್ತ ಕೂತು ಅದರ ತಲೆ ಮೇಲೆ ಮಾತಾಡುತ್ತೇವೆ.

ಊರಿಗೂ ಹೇಳುವುದಿಲ್ಲ. "ಹೆಣ್ಣುಹುಡುಗಿ, ನಾಳೆ ಮದುವೆ ಮಾಡಬೇಕು, ಯಾರಿಗೂ ಗೊತ್ತಾಗೋದು ಬೇಡ" ಅಂತ ಭಾವನ ಮನೆಯವರು ಹೇಳಿದರು ಅಂದೆ. ಅವಳಿಗೆ ಎಂಟು ವರ್ಷ ಅಕ್ಕ! ಮದುವೆ ಮಾತು ಪಕ್ಕಕ್ಕಿಡು. ಸ್ಕೂಲಿನಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿದು ಕೈ ನಡುಗಿ ಬೆವರಿದಾಗ, ಪಕ್ಕದಲ್ಲಿರುವ ಮಿಸ್‌ಗೆ ಗ್ಲೂಕೋಸ್ ಕೊಡಬೇಕು ಅಂತ ಗೊತ್ತಿರಬೇಕಾ ಬೇಡವಾ? ಗುಟ್ಟು ಮಾಡಿದರೆ ಮಗುವಿಗೆ ಗೊತ್ತಾಗುವುದು ಒಂದೇ, ತನ್ನದು ನಾಚಿಕೆಪಡುವಂಥ ಕಾಯಿಲೆ ಅಂತ. ಆಮೇಲೆ ಗೆಳತಿಯರ ಮುಂದೆ ಸಕ್ಕರೆ ಇಳಿದರೂ ಬಾಯಿ ಬಿಡುವುದಿಲ್ಲ. ಹೆಡ್‌ಮೇಷ್ಟ್ರು ಕ್ಲಾಸಿಗೆ ತಿಂಡಿ ತರಲು ಒಪ್ಪಲಿಲ್ಲ ಅಂದೆಯಲ್ಲ, ಸಿಬಿಎಸ್‌ಇಯವರು 2017ರಲ್ಲೇ ಈ ಮಕ್ಕಳು ಬೋರ್ಡ್ ಪರೀಕ್ಷೆ ಹಾಲಿಗೂ ತಿಂಡಿ ತೆಗೆದುಕೊಂಡು ಹೋಗಬಹುದು ಅಂತ ಹೇಳಿದ್ದಾರೆ ಅಂತ ಭಾವ ಅವರಿಗೆ ತಿಳಿಸಲಿ. ನಿಮ್ಮದು ಆ ಬೋರ್ಡು ಅಲ್ಲ, ನನಗೂ ಗೊತ್ತು. ಕೇಳುವವರಿಗೆ ಒಂದು ಆಧಾರ ಇರಲಿ ಅಂತ. ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಂಡು ಹೋಗಿ.

ಇನ್ನು ಮೀಟರು. 280 ಬಂದ ತಕ್ಷಣ "ಏನು ತಿಂದೆ, ನಿಜ ಹೇಳು" ಅಂತ ಶುರು ಮಾಡಬೇಡ. ಅದು ಮಾರ್ಕ್ಸ್ ಕಾರ್ಡ್ ಅಲ್ಲ. ಜ್ವರ ಬಂದರೂ ಏರುತ್ತದೆ, ಹೆದರಿದರೂ ಏರುತ್ತದೆ, ಬೆಳೆಯುವ ವಯಸ್ಸಿಗೂ ಏರುತ್ತದೆ. ಬೈದರೆ ಸಕ್ಕರೆ ಇಳಿಯುವುದಿಲ್ಲ, ಹುಡುಗಿ ಸುಳ್ಳು ಕಲಿಯುತ್ತಾಳೆ. ಹದಿನಾಲ್ಕು ಹದಿನೈದರ ಮಕ್ಕಳು ನಮ್ಮ ವಾರ್ಡಿಗೆ ಹೀಗೇ ಬರುತ್ತಾರೆ. ಡೈರಿ ತುಂಬ ಚೆಂದದ ನಂಬರು, ಇನ್ಸುಲಿನ್ ಬಿಟ್ಟು ಎಷ್ಟು ದಿನವಾಯಿತೋ, ಏದುಸಿರು, ವಾಂತಿ, ರಕ್ತದಲ್ಲಿ ಕೀಟೋನ್, ಅಂದರೆ ಇನ್ಸುಲಿನ್ ಇಲ್ಲದಾಗ ಸೇರಿಕೊಳ್ಳುವ ಆಮ್ಲ. ಸೋಮಾರಿತನ ಅಲ್ಲ ಅದು. ರಜೆಯೇ ಇಲ್ಲದ ಕೆಲಸದಿಂದ ಸಾಕಾಗಿಬಿಟ್ಟಿರುತ್ತದೆ. ಇನ್ನೊಂದು, ಪುಟ್ಟಿ ಕಾರಣವೇ ಇಲ್ಲದೆ ರೇಗಿದರೆ ಮೊದಲು ಸಕ್ಕರೆ ನೋಡು, ಬೈಯುವುದೇನಿದ್ದರೂ ಆಮೇಲೆ. ಇಳಿದಾಗಲೂ ಮಕ್ಕಳು ಹಾಗೆ ಆಡುತ್ತಾರೆ.

ಗುಂಡನನ್ನು ಮರೆಯಬೇಡ. ಅವನು ಮೊನ್ನೆ ನನ್ನ ಹತ್ತಿರ, "ಚಿಕ್ಕಮ್ಮ, ಅಕ್ಕನ ತಟ್ಟೇಲಿ ತಿಂದ್ರೆ ನಂಗೂ ಬರತ್ತಾ?" ಅಂತ ಕೇಳಿದ. ಬರುವುದಿಲ್ಲ ಅಂದೆ. "ಹಾಗಾದ್ರೆ ನಂಗ್ಯಾಕೆ ಯಾರೂ ಏನೂ ಕೊಡಿಸಲ್ಲ" ಅಂದ. ಐದು ವರ್ಷದವನಿಗೆ ಭಯವೂ ಇದೆ, ಹೊಟ್ಟೆಕಿಚ್ಚೂ ಇದೆ. ಭಾವ ಸಂತೆಗೆ ಹೋಗುವಾಗ ಅವನೊಬ್ಬನನ್ನೇ ಕರೆದುಕೊಂಡು ಹೋಗಲಿ.

ಈಗ ನಿನ್ನ ವಿಷಯ. ರಾತ್ರಿ ಎಷ್ಟು ಸಲ ಏಳುತ್ತೀಯ? ಮಗು ಮಲಗಿದಲ್ಲೇ ಸಕ್ಕರೆ ಇಳಿದುಬಿಟ್ಟರೆ ಅಂತ ಉಸಿರು ನೋಡುತ್ತಾ ಕೂರುವ ತಾಯಂದಿರನ್ನು ನಾನು ದಿನಾ ನೋಡುತ್ತೇನೆ. ಆ ಭಯಕ್ಕೇ ರಾತ್ರಿ ಬೇಕಂತಲೇ ಸಕ್ಕರೆ ಮೇಲಿಟ್ಟು ಮಲಗಿಸುವವರೂ ಇದ್ದಾರೆ. ಅದಕ್ಕೇ ಇಲ್ಲಿ ಸೈಕಾಲಜಿಸ್ಟ್ ಮಗುವಿನ ಜೊತೆ ಮಾತಾಡಿ ಆದ ಮೇಲೆ ತಾಯಿಯ ಕಡೆ ತಿರುಗಿ, "ನೀವು ನಿದ್ದೆ ಮಾಡ್ತಿದ್ದೀರಾ?" ಅಂತ ಕೇಳುತ್ತಾರೆ. ಎಷ್ಟೋ ಜನ ಅಲ್ಲೇ ಅತ್ತುಬಿಡುತ್ತಾರೆ. ಭಾವ ಏನೂ ಮಾತಾಡುವುದಿಲ್ಲ, ತೋಟಕ್ಕೆ ಹೋದರೆ ಕತ್ತಲಾದ ಮೇಲೇ ಬರುವುದು ಅಂದೆ. ಅವರಿಗೆ ಬೇಸರ ಇಲ್ಲ ಅಂದುಕೊಳ್ಳಬೇಡ. ವಾರದಲ್ಲಿ ಒಂದೆರಡು ರಾತ್ರಿ ಸಕ್ಕರೆ ನೋಡುವ ಕೆಲಸ ಅವರಿಗೆ ಬಿಡು. ಕೆಲಸ ಕೊಟ್ಟರೆ ಅವರು ಹತ್ತಿರ ಬರುತ್ತಾರೆ, ಮಾತಿಗೆ ಕರೆದರೆ ಬರುವ ಪೈಕಿ ಅಲ್ಲ.

ಇದಕ್ಕೆಲ್ಲ ಇಂಗ್ಲೆಂಡಿಗೆ ಬರಬೇಕಾಗಿಲ್ಲ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ, 2022ರಿಂದ ಇದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಹೊತ್ತೂ ಇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನವರೇ ಅದರ ಹಿಂದೆ ಇರುವುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಸರ್ಕಾರ ಮಾಡಿದೆ. ತಿಪಟೂರಿನಲ್ಲಿ ಯಾವ ಹೊತ್ತಿಗೆ ಅಂತ ಭಾವ ಒಂದು ಸಲ ವಿಚಾರಿಸಲಿ. ಅಷ್ಟಕ್ಕೂ ಬಗ್ಗದಿದ್ದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. "ಹುಚ್ಚಾಸ್ಪತ್ರೆಗೆ ಕರ್ಕೊಂಡು ಹೋದ್ರು" ಅಂತ ಊರವರು ಅಂದರೆ ಅನ್ನಲಿ. ಜಿಲ್ಲಾ ಮಟ್ಟದಲ್ಲಿ ಮನಸ್ಸಿನ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲಿ ಇಡೀ ದೇಶಕ್ಕೆ ಮಾಡಿ ತೋರಿಸಿದ್ದೇ ನಮ್ಮ ಬಳ್ಳಾರಿ. ನಮ್ಮದನ್ನು ಬಳಸಿಕೊಳ್ಳಲು ನಮಗೇ ಸಂಕೋಚ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಪುಟ್ಟಿಯ ಕೈಯಲ್ಲೇ ಒಂದು ಪ್ರಶ್ನೆ ಕೇಳಿಸು. ಏನು ಬೇಕಾದರೂ ಕೇಳಲಿ. ಹೋಳಿಗೆ ತಿನ್ನಬಹುದಾ ಅಂತಲೇ ಕೇಳಲಿ. (ಇನ್ಸುಲಿನ್ ಲೆಕ್ಕ ಹಾಕಿಕೊಂಡರೆ ತಿನ್ನಬಹುದು. ಡಾಕ್ಟರ ಬಾಯಿಂದಲೇ ಬರಲಿ, ನಾನು ಹೇಳಿದೆ ಅನ್ನಬೇಡ.)

ಭಾನುವಾರ ನಿಮ್ಮ ಸಂಜೆ ಐದಕ್ಕೆ ಫೋನ್ ಮಾಡುತ್ತೇನೆ. ಮೊದಲು ಪುಟ್ಟಿಗೆ ಕೊಡು, ನೀನು ಆಚೆ ಜಗಲಿಗೆ ಹೋಗಿ ಕೂತಿರು. ಅಮ್ಮನಿಗೆ ಬಿ.ಪಿ. ಮಾತ್ರೆ ಮುಗಿಯುವ ಮುಂಚೆಯೇ ತರಿಸು.

ಇಂತಿ ನಿನ್ನ ತಂಗಿ