ಚೌಕಿಗೆ ಹೋದರೆ ಮಾತು ನಿಲ್ಲುತ್ತದೆ ಎಂದೆಯಲ್ಲ

ಕುಂಬಳೆ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ಯಕ್ಷಗಾನದಲ್ಲಿ ವೇಷ ಕಟ್ಟುತ್ತಲೇ ಅದರ ಮೇಲೆ ಪಿಎಚ್‌ಡಿ ಮಾಡಲು ಹೊರಟ ನಿನ್ನ ಪತ್ರದ ಎರಡನೇ ಪುಟದ ಕೆಳಗೆ, ಚೌಕಿಯ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದ ಬಗ್ಗೆ ಒಂದು ಸಾಲು ಉಂಟು: "ಈಗ ನಾನು ಚೌಕಿಗೆ ಹೋದರೆ ಮಾತು ನಿಲ್ಲುತ್ತದೆ ದೊಡ್ಡಪ್ಪಾ. ವೇಷ ಕಟ್ಟಲು ಬಂದವಳೋ, ಬರೆದುಕೊಂಡು ಹೋಗಲು ಬಂದವಳೋ ಎಂದು ನೋಡುತ್ತಾರೆ." ಕೋರ್ಸ್‌ವರ್ಕು, ಗೈಡು, ಹಾಸ್ಟೆಲು ಎಲ್ಲ ಹೇಗೋ ಸುಧಾರಿಸಿಕೊಂಡು ಹೋಗುತ್ತದೆ. ಈ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ.

ಮಾತು ನಿಲ್ಲುವುದಕ್ಕೆ ನೀನೊಬ್ಬಳೇ ಕಾರಣ ಎಂದು ಹಚ್ಚಿಕೊಳ್ಳಬೇಡ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಮುಖಕ್ಕೆ ಚುಟ್ಟಿ ಇಡುವಾಗ ಮಾತೇ ಇಲ್ಲ. ಅಕ್ಕಿಹಿಟ್ಟಿಗೆ ಸುಣ್ಣ ಹಾಕಿ ಕಲಸಿದ್ದು ಕೆನ್ನೆಯ ಮೇಲೆ ಒಂದೊಂದೇ ಮುಳ್ಳಾಗಿ ಎದ್ದು ನಿಲ್ಲಬೇಕು. ಹಿಟ್ಟು ನೀರಾದರೆ ಜಾರುತ್ತದೆ, ಗಟ್ಟಿಯಾದರೆ ಒಣಗುವಾಗ ಬಿರಿಯುತ್ತದೆ, ಅರ್ಧದಲ್ಲಿ ದವಡೆ ಆಡಿಸಿದರೆ ಇಟ್ಟ ಸಾಲೇ ಉದುರುತ್ತದೆ. ಎರಡು ಮೂರು ಗಂಟೆಯ ಕೆಲಸ ಅದು. ಆ ಹೊತ್ತಿಗೆ ನೀನು ಹೋಗಿ ಸಂಬಳ ಎಷ್ಟು ಎಂದು ಕೇಳಿದರೆ ಹೂಂ ಅನ್ನಲಿಕ್ಕೂ ಅವರಿಗೆ ಸಾಧ್ಯವಿಲ್ಲ. ಮೇಳದ, ಅಂದರೆ ತಂಡದ, ಯಜಮಾನರು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಹೆಂಗಸು ಬಂದಳು ಎಂದೇ ನಿಲ್ಲುವ ಮಾತೂ ಉಂಟು. ಅದು ನೀನು ನೋಟ್‌ಬುಕ್ ಹಿಡಿಯುವ ಮೊದಲೂ ನಿಲ್ಲುತ್ತಿತ್ತು, ಆಗ ನಿನ್ನ ಗಮನಕ್ಕೆ ಬಂದಿರಲಿಕ್ಕಿಲ್ಲ. ಹಾಗಾಗಿ ಯಾವ ಮಾತು, ಎಷ್ಟು ಹೊತ್ತಿಗೆ, ಯಾರಿದ್ದಾಗ ನಿಂತಿತು, ಮತ್ತೆ ಮೊದಲು ಬಾಯಿ ತೆರೆದವರು ಯಾರು ಎಂದು ಆ ರಾತ್ರಿಯೇ ಬರೆದಿಡು. ನಿನ್ನ ವಿಷಯವೇ ನೇಪಥ್ಯದವರ ದುಡಿಮೆ. ಪಗಾರದ ಮಾತು ಬಂದಾಗ ಚೌಕಿ ತಣ್ಣಗಾದರೆ ಅದೂ ನಿನ್ನ ಅಧ್ಯಾಯಕ್ಕೆ ಸೇರುವ ಸಂಗತಿ.

ಇಷ್ಟು ಹೇಳಿದರೆ ನಿನಗೆ ಸಮಾಧಾನ ಆಗದು, ಗೊತ್ತು. ನನಗೂ ಆಗಿಲ್ಲ.

ನಮ್ಮ ಊರಿನವರ ಹಣೆಬರಹ ನೋಡು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲ ಯಾವುದು, ರಾಮಾಯಣದ ಪ್ರಸಂಗಗಳು ಅವನವೇ ಹೌದೋ ಅಲ್ಲವೋ ಎಂದು ಮುಳಿಯ ತಿಮ್ಮಪ್ಪಯ್ಯನವರಿಂದ ಹಿಡಿದು ಕಾರಂತರವರೆಗೆ ದೊಡ್ಡ ದೊಡ್ಡವರು ವಾದ ಮಾಡಿದರು. ಮಾಡಬೇಕಾದ್ದೇ. ಆದರೆ ಬಸ್ಸು ಲಾರಿ ಇಲ್ಲದ ಕಾಲದಲ್ಲಿ ಮೇಳದ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಊರಿಂದ ಊರಿಗೆ ನಡೆದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ದೀವಟಿಗೆಗೆ ಎಣ್ಣೆ ಎರೆಯುತ್ತಾ ಬೆಳಗು ಮಾಡಿದವರದ್ದೂ ಇಲ್ಲ. ಅವರಿಗೆ ಏನು ಸಿಗುತ್ತಿತ್ತು, ಚೌಕಿಯಲ್ಲಿ ಎಲ್ಲಿ ಕೂರಬಹುದಿತ್ತು, ಎಲ್ಲಿ ಉಣ್ಣಬೇಕಿತ್ತು ಎಂದು ಕೇಳಲು ಈಗ ಆ ಜನವೇ ಇಲ್ಲ. ನಮ್ಮ ತಲೆಮಾರಿನವರು ಪದ್ಯಕ್ಕೆ ತಲೆದೂಗಿದೆವು, ಪದ್ಯದ ಅರ್ಥ ಹೇಳುವವರ ಮಾತಿಗೆ ಚಪ್ಪಾಳೆ ತಟ್ಟಿದೆವು. ಹಿಂದೆ ನಿಂತು ವೇಷದ ಬೆನ್ನಿಗೆ ಹಗ್ಗ ಬಿಗಿಯುತ್ತಿದ್ದವನನ್ನು ಮಾತಾಡಿಸಬೇಕು ಎಂದೇ ತೋಚಲಿಲ್ಲ. ಆದ್ದರಿಂದ ನೀನು ಈ ಕೆಲಸ ಬಿಡುವ ಮಾತು ಎತ್ತಬೇಡ ಮಗಾ.

ವೇಷ ಕಟ್ಟುವವಳು ತಟಸ್ಥಳಾಗಿ ಬರೆಯಲಾರಳು ಎಂದು ವಿಭಾಗದಲ್ಲಿ ಯಾರೋ ಹೇಳಿದರು ಎಂದೆ. ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯ ಕಾಣುವುದಿಲ್ಲ. ಅಮೆರಿಕದಿಂದ ಬಂದ ಮಾರ್ಥಾ ಆಷ್ಟನ್ ಉತ್ತರದ ಕಡೆಯ ಶೈಲಿಯಾದ ಬಡಗುತಿಟ್ಟಿನ ಹೆಜ್ಜೆ ಕಲಿತು, ಗೆಜ್ಜೆ ಕಟ್ಟಿ ಕುಣಿದೇ ಸಂಶೋಧನೆ ಬರೆದವರು. ಪ್ರಭಾಕರ ಜೋಶಿಯವರು ಅರ್ಥಧಾರಿಯೂ ಹೌದು, ಸಂಶೋಧಕರೂ ಹೌದು. ನೀನು ಎಲ್ಲಿ ನಿಂತು ನೋಡುತ್ತಿದ್ದೀ ಎಂಬುದನ್ನು ಮೊದಲ ಅಧ್ಯಾಯದಲ್ಲೇ ಎರಡು ಪುಟ ಬರೆ: ಯಾವ ತಂಡ, ಯಾವ ವೇಷ, ಸಂಭಾವನೆ ಯಾರ ಕೈಯಿಂದ ಬರುತ್ತದೆ. ಅಷ್ಟು ಸಾಕು.

ನಾನು ಹೆದರುವುದು ಬೇರೆ ಕಡೆ. ಪ್ರಬಂಧ ಒಪ್ಪಿಗೆಯಾದ ಮೇಲೆ ಪಿಎಚ್‌ಡಿ ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವ ಶೋಧಗಂಗಾ ಜಾಲತಾಣಕ್ಕೆ ಏರುತ್ತದೆ. ಹಿಂದಿನ ಹಾಗೆ ಲೈಬ್ರರಿಯ ಕಪಾಟಿನಲ್ಲಿ ಧೂಳು ತಿನ್ನುವುದಿಲ್ಲ. ಬದಿಯಡ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಯಾರು ಬೇಕಾದರೂ ಮೊಬೈಲಿನಲ್ಲಿ ಓದಬಹುದು. ನೀನು "ಇಂಗ್ಲಿಷಿನಲ್ಲಿ ಬರೆದರೆ ಚೌಕಿಯವರಿಗೆ ಗೊತ್ತಾಗದು" ಎಂದು ಬರೆದದ್ದು ನನಗೆ ಹಿಡಿಸಲಿಲ್ಲ, ಹೇಳಿಬಿಡುತ್ತೇನೆ. ಅವರಿಗೆ ಗೊತ್ತಾಗದ ಭಾಷೆಯಲ್ಲಿ ಅವರ ವಿಷಯ ಬರೆದರೆ ಅವರು ನಿನ್ನೆದುರು ಬಾಯಿ ಮುಚ್ಚಿದ್ದೇ ಸರಿ ಎಂದಾಗುತ್ತದೆ. ಅವರ ಮಕ್ಕಳು ಓದುತ್ತಾರೆ, ಯಜಮಾನರ ಮಕ್ಕಳೂ ಓದುತ್ತಾರೆ.

ಹೆಸರು ಬದಲಿಸಿದರೆ ಆಯಿತು ಎಂಬ ಧೈರ್ಯವೂ ಬೇಡ. ನಮ್ಮದು ಸಣ್ಣ ಲೋಕ. "ಕುಂಬಳೆ ಸೀಮೆಯ ಒಬ್ಬ ಹಿರಿಯ ನೇಪಥ್ಯದವರು, ಕಿರೀಟ ಕಟ್ಟುವುದರಲ್ಲಿ ನಿಪುಣರು" ಎಂದರೆ ಹೆಸರು ಹೇಳಿದ ಹಾಗೆಯೇ. ಊರು, ಮೇಳ, ವಯಸ್ಸು, ಕೈಕೆಲಸ ಈ ನಾಲ್ಕರಲ್ಲಿ ಎರಡನ್ನಾದರೂ ಬಿಡಬೇಕು. ಸಂಬಳವನ್ನು ಸರಿಯಾದ ಅಂಕಿಯಲ್ಲಿ ಕೊಡದೆ ಇಷ್ಟರಿಂದ ಇಷ್ಟರ ಒಳಗೆ ಎಂದು ಕೊಡು. ಒಬ್ಬನೇ ಹೇಳಿದ ದೂರನ್ನು ಒಬ್ಬನ ಬಾಯಲ್ಲೇ ಇಡಬೇಡ, ಇನ್ನೊಂದು ಮೇಳದವನೂ ಅದನ್ನೇ ಹೇಳುವವರೆಗೆ ಕಾಯಿ. ಬರೆದ ಮೇಲೆ ಅವರವರ ಭಾಗವನ್ನು ಅವರವರಿಗೆ ಓದಿ ಹೇಳು. ಕಾಗದ ಕೊಟ್ಟು ಬರುವುದಲ್ಲ, ಕೂತು ಓದಬೇಕು. ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ಓದು. ಇಲ್ಲಿ ಬೇಡ ಎಂದ ಸಾಲನ್ನು ಹೊಡೆದುಹಾಕು, ಅದು ಎಷ್ಟು ಚಂದದ ಸಾಲಾದರೂ ಸರಿ.

ನಿನ್ನ ಬೀದಿ ನಾಟಕದ ತಂಡ ಎಣ್ಮಕಜೆ, ಪಡ್ರೆಯ ಕಡೆ ಎಂಡೋಸಲ್ಫಾನ್ ಕೀಟನಾಶಕದ ವಿಷಯ ಹಿಡಿದು ಹೋಗಿತ್ತಲ್ಲ. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸುವ ಹೊತ್ತಿಗೆ ಅದರಿಂದ ಕಾಯಿಲೆ ಬಿದ್ದವರ ಮನೆಗಳ ಅಂಗಳಕ್ಕೆ ಕ್ಯಾಮೆರಾ ಹಿಡಿದವರು, ಪ್ರಶ್ನಾವಳಿ ಹಿಡಿದವರು ಸಾಕಷ್ಟು ಮಂದಿ ಬಂದು ಹೋಗಿದ್ದರು. ಹೇಳಿ ಹೇಳಿ ದಣಿದವರು ಕೊನೆಗೆ ಕೇಳುವುದು ಒಂದೇ, ನೀವು ಬರೆದದ್ದು ಎಂತ ಆಯಿತು ಎಂದು. ಅದಕ್ಕೆ ಉತ್ತರ ಸಿಗದ ಕಡೆ ಮಾತು ನಿಲ್ಲುತ್ತದೆ. ಚೌಕಿಯಲ್ಲೂ ಹಾಗೆಯೇ ಇರಬಹುದು ಎಂದು ನನ್ನ ಅಂದಾಜು. ಅವರು ನಿನ್ನ ಪುಸ್ತಕಕ್ಕೆ ಹೆದರಿದ್ದಕ್ಕಿಂತ, ಅದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದ್ದಕ್ಕೆ ಹೆದರಿರಬಹುದು.

ಕೆಲವು ಸಣ್ಣ ವಿಷಯ, ಈಗಾಗಲೇ ನಿನಗೆ ಗೊತ್ತಿದ್ದರೆ ಮಾಫಿ. ದೀಪಾವಳಿ ಕಳೆದು ಮೇಳ ತಿರುಗಾಟ ಹೊರಟರೆ, ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ, ಅಂದರೆ ಮೇ 24ರ ಸುಮಾರಿನವರೆಗೆ, ಅವರಿಗೆ ಹಗಲು ನಿದ್ದೆ, ರಾತ್ರಿ ಆಟ. ಆಗ ನೋಡುವುದಷ್ಟೇ ಮಾಡು, ಪ್ರಶ್ನೆ ಬೇಡ. ಕೇಳುವುದನ್ನು ಜೂನ್ ಕಳೆದು ಮಳೆಗಾಲಕ್ಕೆ ಇಟ್ಟುಕೊ. ಗೆಜ್ಜೆ ಬಿಚ್ಚಿ ಮನೆಯಲ್ಲಿ ಕೂತವರು, ಜಗಲಿಯಲ್ಲಿ ಅಡಿಕೆ ಸುಲಿಯುತ್ತಲೋ ಬೀಡಿ ಕಟ್ಟುತ್ತಲೋ ಧಾರಾಳವಾಗಿ ಮಾತಾಡುತ್ತಾರೆ. ಅಲ್ಲಿ ಯಜಮಾನರೂ ಇಲ್ಲ, ಸಾಲು ಪ್ರಕಾರ ಕೂರುವ ಜಾಗವೂ ಇಲ್ಲ.

ರೆಕಾರ್ಡರಿನಲ್ಲಿ ಧ್ವನಿಯ ಮಟ್ಟವನ್ನು ತಾನೇ ಹೊಂದಿಸುವ ಆಟೋ ಗೈನ್ ಬಂದ್ ಮಾಡಿಡು. ಚೆಂಡೆಯ ಒಂದು ಪೆಟ್ಟಿಗೆ ಅದು ಧ್ವನಿಯನ್ನು ಕುಗ್ಗಿಸಿ, ಅದರ ಬೆನ್ನಿಗೇ ಬರುವ ಭಾಗವತರ ಹಾಡನ್ನೇ ನುಂಗುತ್ತದೆ. ಕೈಯಲ್ಲೇ ಹೊಂದಿಸಿ, ದೊಡ್ಡ ಪೆಟ್ಟು ಮೈನಸ್ 12 ಡೆಸಿಬೆಲ್ ದಾಟದ ಹಾಗೆ ನೋಡಿಕೊ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಇಟ್ಟರೆ ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ, ಇಡೀ ರಾತ್ರಿಗೆ ಕಾರ್ಡಿನಲ್ಲಿ ಜಾಗ ಬೇಕು. ಮಾತುಕತೆಗೆ ಮಾತ್ರವಾದರೆ ಮೋನೋ ಸಾಕು. ಒಂದು ಗಂಟೆಯ ಮಾತು ಬರೆದಿಳಿಸಲು ಐದಾರು ಗಂಟೆ ಬೇಕು. ತುಳು, ಮಲಯಾಳ, ಹವ್ಯಕ ಎಲ್ಲ ಒಂದೇ ಉಸಿರಿಗೆ ಬೆರೆತರೆ ಇನ್ನೂ ಹೆಚ್ಚು. ಅದನ್ನೆಲ್ಲ ಪುಸ್ತಕದ ಕನ್ನಡಕ್ಕೆ ತಿದ್ದಬೇಡ. ಆ ಮಾತಿನಲ್ಲಿ ಇರುವ ಸಿಟ್ಟು ತಿದ್ದುವಾಗ ಹೋಗುತ್ತದೆ.

ಹಣದ ವಿಷಯ ಕೇಳಿದ್ದಿ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ತಿಂಗಳಿಗೆ 37,000 ರೂಪಾಯಿ, ಅದು ಬರುವಾಗ ಬೇರೆ ಸಂಬಳ ತೆಗೆದುಕೊಳ್ಳುವಂತಿಲ್ಲ. ಆಟದ ಸಂಭಾವನೆಗೆ ಮೊದಲೇ ಲಿಖಿತ ಅನುಮತಿ ಕೇಳು, ಆಮೇಲೆ ವಿವರಣೆ ಕೊಡುವುದು ತಲೆನೋವು. 2022ರ ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಹೆಂಗಸರಿಗೆ ಇನ್ನೆರಡು ವರ್ಷ ಸಿಗಲಿಕ್ಕುಂಟು. ಅವಸರದಿಂದ ಯಾರ ಬಾಯಿಯನ್ನೂ ಬಿಡಿಸಬೇಕಿಲ್ಲ. ಪ್ರಸಂಗದ ಪದ್ಯ ಉದ್ಧರಿಸುವಲ್ಲಿ ಉದ್ಧರಣ ಚಿಹ್ನೆ, ಕವಿಯ ಹೆಸರು ಸರಿಯಾಗಿ ಹಾಕು, ಇಲ್ಲವಾದರೆ ಕೃತಿಚೌರ್ಯ ಪರೀಕ್ಷೆಯ ಹತ್ತು ಶೇಕಡ ಮಿತಿಯ ಲೆಕ್ಕಕ್ಕೆ ಅದೂ ಬೀಳುತ್ತದೆ.

ಮತ್ತೆ ಅಲ್ಲಿಗೇ ಬಂದೆ. ಹೊರಗಿನವಳಾದೆನೋ ಎಂದು ಕೇಳಿದ್ದಿಯಲ್ಲ, ಸ್ವಲ್ಪ ಆಗಿದ್ದೀ. ಅದನ್ನು ಇಲ್ಲವೆಂದು ಹೇಳಿದರೆ ನಿನಗೆ ಸುಳ್ಳು ಹೇಳಿದ ಹಾಗೆ. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಗಂಡಸರ ಮೇಳಗಳಲ್ಲಿ ಭಾಗವತಿಕೆಗೆ ಜಾಗಟೆ ಹಿಡಿದು ಕೂತಾಗ ಅವರೂ ಪೂರ್ತಿ ಒಳಗಿನವರಾಗಿರಲಿಕ್ಕಿಲ್ಲ. ಆಟಕ್ಕೆ ಹೋಗುವುದನ್ನು ಮಾತ್ರ ಬಿಡಬೇಡ. ಪುಸ್ತಕ ಇಲ್ಲದೆ, ವೇಷಕ್ಕೆಂದೇ ಹೋಗುವ ರಾತ್ರಿಗಳು ಇರಲಿ. ಆ ರಾತ್ರಿ ಕಿವಿಗೆ ಬಿದ್ದದ್ದನ್ನು ಪ್ರಬಂಧಕ್ಕೆ ಹಾಕಬೇಡ, ಹಾಕಲೇಬೇಕಾದರೆ ಹೋಗಿ ಕೇಳಿ ಹಾಕು. ಇವತ್ತು ಯಾವ ಕೆಲಸಕ್ಕೆ ಬಂದದ್ದು ಎಂದು ಚೌಕಿಗೆ ಕಾಲಿಡುವಾಗಲೇ ಹೇಳಿಬಿಡು.

ನೀನು ಕಳಿಸಿದ ಒಪ್ಪಿಗೆ ಪತ್ರದ ಕರಡು ನೋಡಿದೆ. ಅದು ಬ್ಯಾಂಕಿನ ಸಾಲದ ಕಾಗದದ ಹಾಗೆ ಉಂಟು ಮಾರಾಯ್ತಿ. ನಾಲ್ಕು ಮಾತು ಸಾಕು: ಯಾಕೆ ಕೇಳುವುದು, ಬರೆದದ್ದು ಎಲ್ಲಿ ಸಿಗುತ್ತದೆ, ಬೇಡವೆನಿಸಿದರೆ ನಡುವೆ ನಿಲ್ಲಿಸಬಹುದು, ಹೇಳಿದ್ದನ್ನು ಯಾವ ತಿಂಗಳವರೆಗೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಕೊನೆಯದು ನಿನ್ನ ಕರಡಿನಲ್ಲಿ ಇಲ್ಲ. ಪ್ರಬಂಧ ಸಲ್ಲಿಸಿದ ಮೇಲೆ ತೆಗೆಯಲಿಕ್ಕಾಗುವುದಿಲ್ಲ, ಹಾಗಾಗಿ ತಿಂಗಳು ಬರೆಯಲೇಬೇಕು. ಸಹಿ ಎಂದರೆ ಮೇಳದ ಕರಾರು ನೆನಪಾಗಿ ಹಿಂಜರಿಯುವವರು ಇದ್ದಾರೆ. ವಿಭಾಗದವರು ಒಪ್ಪಿದರೆ ಅವರ ಒಪ್ಪಿಗೆಯನ್ನು ರೆಕಾರ್ಡಿನ ಮೊದಲಿಗೇ ಬಾಯಲ್ಲಿ ಹೇಳಿಸು. ತಿದ್ದಿದ ಕರಡು ಇದರ ಜೊತೆಗೇ ಇದೆ, ತುಳುವಿನದ್ದನ್ನು ನೀನೇ ಬರೆದುಕೊ.

ಇತಿ,
ನಿನ್ನ ದೊಡ್ಡಪ್ಪ