ಬರೆದುಕೊಳ್ಳದೆ ಬಿಟ್ಟ ಆ ಮಾತು: ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ನಮಸ್ಕಾರ. ಸಂಘಟಿತ ಅಪರಾಧ ತಡೆಯಲು ನಮ್ಮ ಕರ್ನಾಟಕ ಮಾಡಿಕೊಂಡ ಕೋಕಾ ಕಾಯ್ದೆಯ 19ನೇ ಸೆಕ್ಷನ್ ಬಗ್ಗೆ ಬರೆಯುತ್ತಿದ್ದೇನೆ. ಮಾಮೂಲಿ ಕೇಸುಗಳಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಬ್ರಿಟಿಷರ ಕಾಲದಿಂದಲೂ ಇರುವ ನಿಯಮ ಅದು. ಆದರೆ ಕೋಕಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ.

ಇದರಿಂದ ಏನಾಗಬಹುದು ಎಂದು ತಿಳಿಯಲು ಪೇರರಿವಾಳನ್ ಕೇಸು ನೋಡಿ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಅವರ ಜತೆ ಇನ್ನೂ ಹಲವರು ಸತ್ತರು, ಪೊಲೀಸರೂ ಸೇರಿ. ಆ ಮನೆಗಳ ನೋವು ಸಣ್ಣದಲ್ಲ. ಮುಂದಿನ ತಿಂಗಳೇ ಪೇರರಿವಾಳನ್ ಬಂಧನವಾಯಿತು. ಆಗ ಅವರಿಗೆ 19 ವರ್ಷ. 9 ವೋಲ್ಟಿನ ಎರಡು ಬ್ಯಾಟರಿ ತಂದುಕೊಟ್ಟರು, ಅವನ್ನೇ ಬಾಂಬಿಗೆ ಬಳಸಿದರು ಎಂಬುದು ಮುಖ್ಯ ಆರೋಪ. ಆಗಿದ್ದ ಭಯೋತ್ಪಾದನೆ ತಡೆ ಕಾಯ್ದೆ ಟಾಡಾ ಕೂಡ ಕೋಕಾದ ಹಾಗೆಯೇ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಒಪ್ಪುತ್ತಿತ್ತು. ಅದರ ಅಡಿ ಅವರ ತಪ್ಪೊಪ್ಪಿಗೆ ಬರೆದುಕೊಂಡವರು ಸಿಬಿಐ ಎಸ್‌ಪಿ ಆಗಿದ್ದ ವಿ. ತ್ಯಾಗರಾಜನ್.

1998ರಲ್ಲಿ ಗಲ್ಲು ಶಿಕ್ಷೆಯಾಯಿತು. 1999ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಟಾಡಾ ಅಪರಾಧ ಸಾಬೀತಾಗಿಲ್ಲ ಎಂದು ಅದೇ ತೀರ್ಪು ಹೇಳಿತು. ಆದರೆ ಟಾಡಾ ಅಡಿ ಪಡೆದ ತಪ್ಪೊಪ್ಪಿಗೆಯನ್ನು ಉಳಿಸಿಕೊಂಡಿತು. ಇದನ್ನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ನಿವೃತ್ತರಾದ ಮೇಲೆ, 2013ರಲ್ಲಿ, ತ್ಯಾಗರಾಜನ್ ಬಾಯಿಬಿಟ್ಟರು. ಬ್ಯಾಟರಿ ಯಾವುದಕ್ಕೆ ಬೇಕಾಗಿತ್ತು ಎಂದು ತನಗೆ ಗೊತ್ತಿರಲಿಲ್ಲ ಅಂತ ಪೇರರಿವಾಳನ್ ಹೇಳಿದ್ದರಂತೆ. ಆ ಮಾತು ಬರೆದರೆ ತಪ್ಪೊಪ್ಪಿಗೆಗೆ ಅರ್ಥವೇ ಇರುವುದಿಲ್ಲ ಎಂದು ಬಿಟ್ಟರಂತೆ. 2017ರಲ್ಲಿ ಸುಪ್ರೀಂ ಕೋರ್ಟಿಗೆ ಅಫಿಡವಿಟ್ ಕೂಡ ಕೊಟ್ಟರು. ತೀರ್ಪು ವಾಪಸ್ ಪಡೆಯಿರಿ ಎಂದು ಕೇಳಿದ ಅರ್ಜಿ 2018ರಲ್ಲಿ ವಜಾ ಆಯಿತು. 2022ರ ಮೇ 18ರಂದು ಕೋರ್ಟು ಪೇರರಿವಾಳನ್‌ರನ್ನು ಬಿಡುಗಡೆ ಮಾಡಿತು, ಆದರೆ ನಿರಪರಾಧಿ ಎಂದಲ್ಲ. ಕ್ಷಮಾದಾನದ ಶಿಫಾರಸನ್ನು ತಮಿಳುನಾಡು ರಾಜ್ಯಪಾಲರು ವರ್ಷಗಟ್ಟಲೆ ಇಟ್ಟುಕೊಂಡು ಕೂತಿದ್ದರು ಎಂಬುದು ಕಾರಣ. 31 ವರ್ಷ ಆಗಲೇ ಕಳೆದಿತ್ತು.

ಸಾರ್, ಆ ಕೋಣೆಯಲ್ಲಿ ಒಂದು ಟೇಪ್ ರೆಕಾರ್ಡರ್ ಓಡುತ್ತಿದ್ದರೆ ಸಾಕಿತ್ತು, ಅಲ್ವಾ? ಈಗ ಮನೆ ಶೋಧಿಸುವಾಗ ವಿಡಿಯೊ ಮಾಡಲೇಬೇಕು ಎಂದು ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್ ಹೇಳುತ್ತದೆ. ಆದರೆ ಮನುಷ್ಯನ ಜೀವ ತೂಗುವ ತಪ್ಪೊಪ್ಪಿಗೆಯನ್ನು ಕೋಕಾದಲ್ಲಿ ಸುಮ್ನೆ ಕಾಗದದ ಮೇಲೆ ಬರೆದುಕೊಂಡರೂ ನಡೆಯುತ್ತದೆ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಆರೋಪಿ ಬಂದು ಕೂತಾಗಿನಿಂದ ಸಹಿ ಹಾಕುವವರೆಗೆ ಪೂರ್ತಿ ವಿಡಿಯೊ ಕಡ್ಡಾಯ ಮಾಡಿ. ಚಾರ್ಜ್‌ಶೀಟ್ ಜತೆ ಅದರ ಪ್ರತಿ ಅವನ ವಕೀಲರಿಗೆ ಸಿಗಲಿ. ನಿವೃತ್ತ ತನಿಖಾಧಿಕಾರಿ ಮುಂದೆ ಬಂದು ಹೀಗೆ ಸತ್ಯ ಹೇಳಿದರೆ, ಅದನ್ನು ಬರೆಸಿಕೊಂಡು ಕೋರ್ಟಿಗೆ ಮುಟ್ಟಿಸಲು ಇಲಾಖೆಯಲ್ಲಿ ಒಬ್ಬರನ್ನು ನೇಮಿಸಿ. ಈಗ ನಡೆಯುತ್ತಿರುವ ಕೋಕಾ ಕೇಸುಗಳ ಪೈಕಿ ಎಷ್ಟರಲ್ಲಿ ತಪ್ಪೊಪ್ಪಿಗೆಯ ವಿಡಿಯೊ ಇದೆ ಎಂಬ ಲೆಕ್ಕವನ್ನು ಮುಂದಿನ ಅಧಿವೇಶನದಲ್ಲಿ ಸದನದ ಮುಂದೆ ಇಡಿ.

ಇತಿ,
ಈ ರಾಜ್ಯದ ಒಬ್ಬ ಮತದಾರ